ವರ್ನಲ್ ಜಲಪಾತಕ್ಕೆ ಹೊರಟ ತಂಗಿಗೆ ಅಕ್ಕನ ಕಿವಿಮಾತು

ತಂಗೀ,

ಜೂನ್ ಮೊದಲ ವಾರ ಕ್ಯಾಲಿಫೋರ್ನಿಯಾದ ಮಗನ ಮನೆ ಸೇರುತ್ತೀರಿ, ಒಂದು ವಾರಾಂತ್ಯ ಯೊಸೆಮಿಟಿಗೆ ಹೋಗಿ ವರ್ನಲ್ ಜಲಪಾತ ಹತ್ತುವ ಯೋಚನೆ ಇದೆ ಎಂದು ನೀನು ಫೋನಿನಲ್ಲಿ ಹೇಳಿದಾಗಿನಿಂದ ನನ್ನ ತಲೆಯಲ್ಲಿ ಅದೇ ಓಡುತ್ತಿದೆ. ಮಗಳ ಮನೆಗೆ ಹೋದಾಗ ನಾನು ನಡೆದಾಡಿದ ದಾರಿ ಅದು. ದಾರಿಯ ನಡುವಿನ ಸೇತುವೆಯವರೆಗೆ ಹೋಗಿ ತೃಪ್ತಿಯಾಗಿ ವಾಪಸಾದದ್ದೂ ಉಂಟು, ತುದಿಯವರೆಗೆ ಹತ್ತಿದ್ದೂ ಉಂಟು. ನಮ್ಮ ವಯಸ್ಸಿನವರಿಗೆ ಅಲ್ಲಿ ಬೇಕಾಗುವ ಮಾತುಗಳನ್ನು ನೆನಪಾದ ಹಾಗೆ ಬರೆದಿದ್ದೇನೆ. ಮಗ, ಸೊಸೆಗೂ ಓದಿ ಹೇಳು. ಕೆಲವು ಮಾತು ಅವರಿಗೆಂದೇ ಬರೆದದ್ದು.

• ಜೂನ್ ಆರಂಭಕ್ಕೆ ಹೋಗುತ್ತಿರುವುದು ಒಳ್ಳೆಯದಾಯಿತು. ನಮಗೆ ಜಲಪಾತ ಎಂದರೆ ಮಳೆಗಾಲದ ಲೆಕ್ಕ; ಜೋಗ ನೋಡಬೇಕಾದರೆ ಆಗಸ್ಟ್, ಸೆಪ್ಟೆಂಬರಿಗೆ ಕಾಯುತ್ತೇವೆ. ಯೊಸೆಮಿಟಿಯಲ್ಲಿ ಬೇಸಿಗೆಗೆ ಮಳೆಯೇ ಅಪರೂಪ. ಅಲ್ಲಿ ಬೀಳುವುದು ಸಿಯೆರಾ ನೆವಾಡಾ ಬೆಟ್ಟಗಳ ಮೇಲೆ ಚಳಿಗಾಲದಲ್ಲಿ ಬಿದ್ದ ಹಿಮ ಕರಗಿದ ನೀರು. ಹಾಗಾಗಿ ಮೇ, ಜೂನಿನಲ್ಲಿ ಜಲಪಾತಗಳು ತುಂಬಿರುತ್ತವೆ, ಆಗಸ್ಟಿಗೆ ಸೊರಗುತ್ತವೆ. ಯೊಸೆಮಿಟಿ ಫಾಲ್ಸ್ ಎಂಬ ದೊಡ್ಡದಂತೂ ಎಷ್ಟೋ ವರ್ಷ ಆಗಸ್ಟಿಗೆ ಪೂರ್ತಿ ಒಣಗಿ ಬರೀ ಬಂಡೆ ಕಾಣುತ್ತದೆ. ವರ್ನಲ್ ವರ್ಷವಿಡೀ ಹರಿಯುತ್ತದೆ, ಆದರೆ ಬೇಸಿಗೆ ಕಳೆಯುತ್ತ ಎಳೆ ಎಳೆಯಾಗಿ ಬೇರೆಯಾಗುತ್ತದೆ. ನಿನ್ನ ಮಗ ರಜೆ ಸಿಗಲಿಲ್ಲ ಎಂದು ಪ್ರವಾಸವನ್ನು ಆಗಸ್ಟಿಗೆ ತಳ್ಳಿದರೆ ಒಪ್ಪಬೇಡ.

• ದಾರಿಯ ಲೆಕ್ಕ ಮನೆಯಲ್ಲೇ ತಿಳಿದುಕೊಂಡು ಹೊರಡು. ನಡಿಗೆ ಶುರುವಾಗುವುದು ಹ್ಯಾಪಿ ಐಲ್ಸ್ ಎಂಬಲ್ಲಿ. ಅಲ್ಲಿಂದ ಸೇತುವೆಗೆ 1.3 ಕಿಲೋಮೀಟರ್, ಏರು ಸುಮಾರು 120 ಮೀಟರ್. ಜಲಪಾತದ ನೆತ್ತಿಗೆ 1.9 ಕಿಲೋಮೀಟರ್, ಏರು ಸುಮಾರು 300 ಮೀಟರ್. ದೂರ ನೋಡಿದರೆ ಸೇತುವೆಗೂ ನೆತ್ತಿಗೂ ನಡುವೆ ಬರೀ 600 ಮೀಟರ್ ವ್ಯತ್ಯಾಸ. ಮೋಸ ಹೋಗುವುದು ಇಲ್ಲೇ. ಆ 600 ಮೀಟರಿನಲ್ಲಿ 600ಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲುಗಳಿವೆ, ಅವುಗಳಲ್ಲಿ ಬಹಳಷ್ಟು ಒದ್ದೆ. ಸೇತುವೆಗೆ ಹೋಗಿ ಬರಲು ಯುವಕರಿಗೆ ಒಂದರಿಂದ ಒಂದೂವರೆ ಗಂಟೆ, ನೆತ್ತಿಗೆ ಮೂರು ಗಂಟೆ ಎನ್ನುತ್ತಾರೆ. ನಿನಗೂ ನಿಮ್ಮ ಯಜಮಾನರಿಗೂ ಅದರ ಒಂದೂವರೆ ಪಟ್ಟು ಹಿಡಿ.

• ಮೈಸೂರಿನಲ್ಲಿದ್ದೀಯ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗಿಂತ ಒಳ್ಳೆಯ ಅಭ್ಯಾಸ ಬೇರೆ ಬೇಕಿಲ್ಲ. ಈಗಿನಿಂದಲೇ ವಾರಕ್ಕೆ ಎರಡು ಬೆಳಿಗ್ಗೆ ನಂದಿಯವರೆಗಾದರೂ ಹತ್ತಿ. ಹತ್ತಿದ ಮೇಲೆ ಬಸ್ಸಿನಲ್ಲಿ ಇಳಿಯಬೇಡಿ, ಮೆಟ್ಟಿಲಲ್ಲೇ ಇಳಿಯಿರಿ. ಮಂಡಿಯ ಹಣೆಬರಹ ಗೊತ್ತಾಗುವುದು ಇಳಿಯುವಾಗ. ಇಳಿದ ಮಾರನೆಯ ದಿನ ಮಂಡಿ ಊದಿಕೊಂಡರೆ, ನೀನು ಸೇತುವೆಯವರೆಗೆ ಎಂದು ಇಲ್ಲೇ ತೀರ್ಮಾನ ಮಾಡಿಬಿಡು. ಇನ್ನೊಂದು ಮಾತು ನೆನಪಿರಲಿ: ಚಾಮುಂಡಿಯ ಮೆಟ್ಟಿಲು ಅಷ್ಟೊಂದು ಏರುಪೇರಿಲ್ಲ. ವರ್ನಲ್ ದಾರಿಯಲ್ಲಿ ಒಂದು ಮೆಟ್ಟಿಲು ಅಂಗೈ ಎತ್ತರವಾದರೆ ಮುಂದಿನದು ಮೊಣಕಾಲಿನವರೆಗೆ ಬರುತ್ತದೆ.

• ದಾಕ್ಷಿಣ್ಯವನ್ನು ಮನೆಯಲ್ಲೇ ಬಿಟ್ಟು ಹೋಗು. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಪೀಳಿಗೆಯವರು ಮಕ್ಕಳ ಜೊತೆ ಹೋದಾಗ 'ನನಗೆ ಆಗುವುದಿಲ್ಲ' ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಮಗ ರಜೆ ಹಾಕಿದ್ದಾನೆ, ನಾಲ್ಕು ಗಂಟೆ ಕಾರು ಓಡಿಸಿದ್ದಾನೆ, ಈಗ ಅರ್ಧದಲ್ಲಿ ನಿಂತರೆ ಅವನ ಮನಸ್ಸಿಗೆ ಬೇಜಾರಾದೀತು ಎಂದು ಹಲ್ಲು ಕಚ್ಚಿಕೊಂಡು ಹತ್ತುತ್ತೇವೆ. ಮಕ್ಕಳೋ 'ಅಮ್ಮಾ, ಇನ್ನೇನು ಬಂತು, ಸ್ವಲ್ಪವೇ' ಎನ್ನುತ್ತಾರೆ. ಅವರದ್ದು ಪ್ರೀತಿ, ತಪ್ಪಿಲ್ಲ. ಆದರೆ ನಿನ್ನ ಎದೆ ಹೇಗೆ ಹೊಡೆದುಕೊಳ್ಳುತ್ತಿದೆ ಎಂದು ಅವರಿಗೆ ಕೇಳಿಸುವುದಿಲ್ಲ. ಅದಕ್ಕೆ ಹೊರಡುವ ಹಿಂದಿನ ರಾತ್ರಿ ಊಟದ ಹೊತ್ತಿಗೆ ಎಲ್ಲರೂ ಕೂತು ಮಾತಾಡಿ: ಯಾರು ಎಲ್ಲಿಯವರೆಗೆ, ಯಾರು ನಿಂತರೆ ಅವರ ಜೊತೆ ಯಾರು ನಿಲ್ಲುವುದು, ಎಷ್ಟು ಗಂಟೆಗೆ ಎಲ್ಲಿದ್ದರೂ ವಾಪಸು ತಿರುಗುವುದು. ಮಗ, ಸೊಸೆ ಕೇಳಿಸಿಕೊಳ್ಳಿ: ಅಮ್ಮ 'ಸಾಕು' ಎಂದರೆ ಎರಡನೇ ಸಲ ಒತ್ತಾಯ ಮಾಡಬೇಡಿ.

• ನಿಮ್ಮ ಯಜಮಾನರ ವಿಷಯ ಬೇರೆ. ಅವರು ನಿಲ್ಲು ಎಂದರೂ ನಿಲ್ಲುವವರಲ್ಲ. ಅವರ ಬಿಪಿ, ಶುಗರ್ ಎರಡನ್ನೂ ಹೊರಡುವ ಮುಂಚೆ ಇಲ್ಲೇ ಡಾಕ್ಟರಿಗೆ ತೋರಿಸಿ, ಬೆಟ್ಟ ಹತ್ತುವ ದಿನ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು ಎಂದು ಬರೆಸಿಕೊಳ್ಳಿ. ನಡಿಗೆಯ ದಿನ ಶುಗರ್ ದಿಢೀರನೆ ಇಳಿಯಬಹುದು, ಗ್ಲೂಕೋಸ್ ಪೊಟ್ಟಣವೋ ಬೆಲ್ಲದ ಚೂರೋ ಅವರ ಜೇಬಿನಲ್ಲೇ ಇರಲಿ, ನಿನ್ನ ಬ್ಯಾಗಿನಲ್ಲಲ್ಲ. ನೀವು ಬೇರೆ ಬೇರೆಯಾಗಿ ನಡೆಯುತ್ತಿರುವಾಗಲೇ ಅದು ಬೇಕಾಗುವುದು. ಎದೆಯಲ್ಲಿ ಬಿಗಿತ, ಎಡಗೈ ಎಳೆತ, ತಣ್ಣನೆ ಬೆವರು ಕಂಡರೆ ಅಲ್ಲೇ ಕೂರಿಸಿ. 'ಗ್ಯಾಸ್ ಇರಬೇಕು' ಎಂದು ಮುಂದೆ ನಡೆಸಬೇಡ.

• ಯೊಸೆಮಿಟಿ ಕಣಿವೆಯ ನೆಲವೇ ಸುಮಾರು 1,200 ಮೀಟರ್ ಎತ್ತರದಲ್ಲಿದೆ, ಹೆಚ್ಚೂಕಡಿಮೆ ನಮ್ಮ ಮಡಿಕೇರಿಯಷ್ಟು. ಉಸಿರಾಟಕ್ಕೆ ಅದೇನು ದೊಡ್ಡ ತೊಂದರೆಯಲ್ಲ. ತೊಂದರೆ ಒಣ ಹವೆಯದು. ಮಡಿಕೇರಿಯ ತೇವ ಅಲ್ಲಿಲ್ಲ. ಬೆವರು ಬಂದದ್ದೇ ಗೊತ್ತಾಗದೆ ಆರಿಹೋಗುತ್ತದೆ, ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಒಬ್ಬೊಬ್ಬರಿಗೆ ಕನಿಷ್ಠ ಒಂದೂವರೆ ಲೀಟರ್ ನೀರು ಹೊತ್ತುಕೊಳ್ಳಿ. ನದಿಯ ನೀರು ಕನ್ನಡಿಯಷ್ಟು ತಿಳಿಯಾಗಿ ಕಂಡರೂ ಬೊಗಸೆ ಹಿಡಿದು ಕುಡಿಯಬೇಡಿ, ಹೊಟ್ಟೆ ಕೆಡಿಸುವ ಸೂಕ್ಷ್ಮಜೀವಿಗಳು ಅದರಲ್ಲಿರುತ್ತವೆ.

• ಕಾಲಿಗೆ ಹಿಡಿತ ಇರುವ ಶೂ. ಬೇರೆ ಮಾತೇ ಇಲ್ಲ. ಊರಲ್ಲಿ ವಾಕಿಂಗಿಗೆ ಹಾಕಿ ಹಾಕಿ ತಳ ಸವೆದ ಶೂ ಬೇಡ, ಸ್ಯಾಂಡಲ್ ಬೇಡ, ಚಪ್ಪಲಿ ಖಂಡಿತ ಬೇಡ. ಅಲ್ಲಿಗೆ ಹೋಗಿ ಹೊಸ ಶೂ ಕೊಂಡರೆ ಒಂದು ವಾರ ಮನೆಯಲ್ಲಿ, ಪಾರ್ಕಿನಲ್ಲಿ ಹಾಕಿ ಪಳಗಿಸಿಕೊಂಡು ಆಮೇಲೆ ಬೆಟ್ಟಕ್ಕೆ ಹೋಗು. ಕಾರಿನಲ್ಲಿ ಒಂದು ಜೊತೆ ಒಣ ಕಾಲುಚೀಲ ಇಟ್ಟಿರು.

• ಸೀರೆ ಬೇಡ ಕಣೇ. ನಿನಗೆ ಸೀರೆಯಲ್ಲೇ ಆರಾಮ ಎಂದು ಗೊತ್ತು. ಆದರೆ ನೆನೆದ ನೆರಿಗೆ ಕಾಲಿಗೆ ಸುತ್ತಿಕೊಂಡರೆ ಆ ಮೆಟ್ಟಿಲುಗಳಲ್ಲಿ ಬಹಳ ಕಡೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಚೂಡಿದಾರವಾದರೆ ದುಪಟ್ಟಾ ಬಿಟ್ಟು ಬಾ. ಬೇಗ ಒಣಗುವ ಪ್ಯಾಂಟು, ಮೇಲೊಂದು ತೆಳು ಮಳೆಕೋಟು, ತಲೆಗೆ ಟೋಪಿ. ಕೆಳಗೆ ಬಿಸಿಲು ಸುಡುತ್ತಿದ್ದರೂ ಮೇಲೆ ತುಂತುರಿಗೆ ಮೈ ನಡುಗುತ್ತದೆ.

• ಊರುಗೋಲಿಗೆ ನಾಚಿಕೊಳ್ಳಬೇಡ. ಅಲ್ಲಿ ಇಪ್ಪತ್ತರ ಹುಡುಗರೂ ಎರಡೂ ಕೈಯಲ್ಲಿ ಟ್ರೆಕ್ಕಿಂಗ್ ಕೋಲು ಹಿಡಿದು ನಡೆಯುತ್ತಾರೆ. ನಿನಗೊಂದು, ಯಜಮಾನರಿಗೊಂದು ಸಾಕು, ಇನ್ನೊಂದು ಕೈ ಕಂಬಿ ಹಿಡಿಯಲು ಬಿಡುವಾಗಿರಲಿ.

• ಮಗನ ಮನೆಯಿರುವ ಬೇ ಏರಿಯಾದಿಂದ ಸುಮಾರು ನಾಲ್ಕು ಗಂಟೆಯ ದಾರಿ, ಕೊನೆಯ ಭಾಗ ಪೂರ್ತಿ ಘಾಟಿ. ಆಗುಂಬೆ ತಿರುವುಗಳಲ್ಲಿ ನಿನಗೆ ಏನಾಗುತ್ತಿತ್ತು ಎಂದು ನೆನಪಿದೆಯಲ್ಲ? ವಾಂತಿ ಮಾತ್ರೆ ಮುಂಚೆಯೇ ತೆಗೆದುಕೊಂಡು ಮುಂದಿನ ಸೀಟಿನಲ್ಲಿ ಕೂತುಕೋ. ಕಣಿವೆಯೊಳಗೆ ಪೆಟ್ರೋಲ್ ಬಂಕ್ ಇಲ್ಲ, ಹೊರಗೇ ತುಂಬಿಸಿಕೊಳ್ಳಲು ಮಗನಿಗೆ ಹೇಳು. ಗೇಟಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಬೇಕು. ಪ್ರವೇಶದ ನಿಯಮ, ದರ ಎರಡೂ ಆಗಾಗ ಬದಲಾಗುತ್ತವೆ. ಹೊರಡುವ ವಾರ ರಾಷ್ಟ್ರೀಯ ಉದ್ಯಾನ ಇಲಾಖೆಯ ಜಾಲತಾಣದಲ್ಲಿ ಮಗನೇ ನೋಡಲಿ. ಮೆಟ್ಟಿಲು ದಾರಿ ದುರಸ್ತಿಗೆ ಮುಚ್ಚಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ.

• ಸಾಧ್ಯವಾದರೆ ಹಿಂದಿನ ರಾತ್ರಿಯೇ ಹೋಗಿ ಹತ್ತಿರದ ಊರಿನಲ್ಲಿ ಉಳಿಯಿರಿ, ಬೆಳಿಗ್ಗೆ ಎಂಟರೊಳಗೆ ಕಣಿವೆ ಸೇರಿ. ವಾರಾಂತ್ಯದಲ್ಲಿ ತಡವಾಗಿ ಹೋದವರು ಕಾರು ನಿಲ್ಲಿಸಲು ಜಾಗ ಹುಡುಕುತ್ತಲೇ ಅರ್ಧ ದಿನ ಕಳೆಯುತ್ತಾರೆ. ಕರಿ ವಿಲೇಜ್ ಬಳಿ ಕಾರು ನಿಲ್ಲಿಸಿ ಉಚಿತ ಷಟಲ್ ಬಸ್ ಹಿಡಿಯಿರಿ, 16ನೇ ನಿಲ್ದಾಣವೇ ಹ್ಯಾಪಿ ಐಲ್ಸ್. ನಡೆದೂ ಹೋಗಬಹುದು, ಆದರೆ ನಿನ್ನ ಕಾಲಿನ ಶಕ್ತಿಯನ್ನು ಪಾರ್ಕಿಂಗಿನ ದಾರಿಗೆ ಖರ್ಚು ಮಾಡುವುದು ಯಾಕೆ?

• ಬುತ್ತಿಗೆ ಚಪಾತಿ ಸುರುಳಿ, ಒಗ್ಗರಣೆ ಅವಲಕ್ಕಿ, ಕಡಲೆಕಾಯಿ ಚಿಕ್ಕಿ ಒಳ್ಳೆಯದು. ಹತ್ತುವ ಮುಂಚೆ ಹೊಟ್ಟೆ ತುಂಬ ಮೊಸರನ್ನ ತಿನ್ನಬೇಡಿ, ಅದು ಇಳಿದು ಬಂದ ಮೇಲೆ. ಸೇತುವೆಯ ಹತ್ತಿರದ ಅಳಿಲುಗಳು ನಮ್ಮ ಅಳಿಲಿನ ಎರಡರಷ್ಟಿರುತ್ತವೆ, ಧೈರ್ಯವೂ ಅಷ್ಟೇ. ಬ್ಯಾಗ್ ನೆಲದ ಮೇಲಿಟ್ಟು ಜಲಪಾತ ನೋಡುತ್ತ ನಿಂತವರ ಬ್ಯಾಗಿನ ಜಿಪ್ಪನ್ನು ಅವು ಹಲ್ಲಿನಿಂದ ಕಡಿದು ಒಳಗೆ ನುಗ್ಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅಳಿಲು ಮುದ್ದಾಗಿದೆ ಎಂದು ನಿನ್ನ ಮೊಮ್ಮಗಳು ಒಂದು ಕಾಳು ಕೊಟ್ಟರೂ ತಪ್ಪೇ. ಕಾನೂನಿಗೂ ತಪ್ಪು, ಅವು ಕಚ್ಚುವುದೂ ಉಂಟು.

• ಅಲ್ಲಿ ಕರಡಿಗಳಿವೆ. ಹೆದರಬೇಡ, ಹಗಲು ಜನ ಓಡಾಡುವ ದಾರಿಯಲ್ಲಿ ಅವು ಅಡ್ಡ ಬರುವುದು ಕಡಿಮೆ. ಅವುಗಳ ಕಣ್ಣು ನಮ್ಮ ತಿಂಡಿಯ ಮೇಲೆ. ರಾತ್ರಿ ಉದ್ಯಾನದೊಳಗೆ ಉಳಿಯುವುದಾದರೆ ಕಾರಿನಲ್ಲಿ ಉಪ್ಪಿನಕಾಯಿ ಬಾಟಲಿ, ಬಿಸ್ಕತ್ತು, ಸುವಾಸನೆಯ ಕ್ರೀಮು, ಟೂತ್‌ಪೇಸ್ಟ್ ಕೂಡ ಬಿಡುವಂತಿಲ್ಲ. ಕಬ್ಬಿಣದ ಪೆಟ್ಟಿಗೆಗಳನ್ನು ಅದಕ್ಕೆಂದೇ ಇಟ್ಟಿದ್ದಾರೆ. ವಾಸನೆ ಹಿಡಿದು ಕಾರಿನ ಬಾಗಿಲನ್ನೇ ಕಿತ್ತುಹಾಕುವ ಪ್ರಾಣಿ ಅದು. ಮನುಷ್ಯರ ತಿಂಡಿಯ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುವುದೂ ಉಂಟು. ನಮ್ಮ ಉದಾಸೀನಕ್ಕೆ ಅದರ ಪ್ರಾಣ ಹೋಗಬಾರದು.

• ಶೌಚಾಲಯ ಹ್ಯಾಪಿ ಐಲ್ಸ್‌ನಲ್ಲೊಂದು ಇದೆ, ಸೇತುವೆಯ ಬಳಿ ಇನ್ನೊಂದು. ಸೇತುವೆಯ ಬಳಿ ಕುಡಿಯುವ ನೀರಿನ ನಲ್ಲಿಯೂ ಉಂಟು, ಆದರೆ ಅದು ಎಲ್ಲ ಕಾಲದಲ್ಲೂ ಇರುವುದಿಲ್ಲ, ಅದನ್ನೇ ನಂಬಬೇಡಿ. ಎರಡು ಕಡೆಯೂ ಬೇಕಿರಲಿ ಬೇಡದಿರಲಿ ಒಮ್ಮೆ ಹೋಗಿ ಬನ್ನಿ. ನೀರು ಕಡಿಮೆ ಕುಡಿದರೆ ಶೌಚದ ಕಷ್ಟ ತಪ್ಪುತ್ತದೆ ಎಂದು ನಮ್ಮ ಹೆಂಗಸರು ಲೆಕ್ಕ ಹಾಕುತ್ತಾರೆ. ಆ ಲೆಕ್ಕ ತಲೆಸುತ್ತಿನಲ್ಲಿ ಮುಗಿಯುತ್ತದೆ. ಒಂದು ಖಾಲಿ ಸಣ್ಣ ಬಾಟಲಿ ಜೊತೆಗಿರಲಿ, ಕಾಗದಕ್ಕೆ ಒಗ್ಗದವರಿಗೆ ಅದೇ ಚೊಂಬು.

• ಸೇತುವೆಯವರೆಗಿನ ದಾರಿಗೆ ಟಾರು ಹಾಕಿದ್ದಾರೆ. ಟಾರು ಎಂದ ಮಾತ್ರಕ್ಕೆ ಸಲೀಸು ಎಂದುಕೊಳ್ಳಬೇಡ, ಕೆಲವು ಕಡೆ ಕಡಿದಾದ ಏರು. ಶುರುವಿನಲ್ಲೇ ಒಂದು ಫಲಕ ಕಾಣುತ್ತದೆ: ಅಲ್ಲಿಂದ ಹೊರಡುವ ಜಾನ್ ಮ್ಯೂರ್ ಟ್ರೇಲ್ 340 ಕಿಲೋಮೀಟರ್ ಸಾಗಿ ಮೌಂಟ್ ವಿಟ್ನಿ ಶಿಖರ ಮುಟ್ಟುತ್ತದೆ. ವಾರಗಟ್ಟಲೆ ನಡೆಯುವವರು ದೊಡ್ಡ ಮೂಟೆ ಹೊತ್ತು ನಿನ್ನನ್ನು ದಾಟಿ ಹೋಗುತ್ತಾರೆ, ಅವರ ಹಿಂದೆ ಓಡಬೇಡ. ಮಾತಾಡುತ್ತ ನಡೆಯಲು ಆಗುವ ವೇಗವೇ ನಿನ್ನ ವೇಗ. ಮಾತು ನಿಂತಿತೋ, ಬಂಡೆಗೆ ಒರಗಿ ನಿಲ್ಲು. ಬಲಬದಿ ಹಿಡಿದು ನಡೆ, ನಿಲ್ಲುವಾಗ ದಾರಿಯ ನಡುವೆ ನಿಲ್ಲಬೇಡ, ಹತ್ತುವವರಿಗೆ ಇಳಿಯುವವರು ದಾರಿ ಬಿಡುವುದು ಅಲ್ಲಿನ ಪದ್ಧತಿ. ಎದುರಾದವರು 'ಹಾಯ್' ಎನ್ನುತ್ತಾರೆ, ನೀನೂ ನಕ್ಕು ಒಂದು ಮಾತು ಹೇಳು.

• ಸೇತುವೆಯಲ್ಲಿ ಅವಸರ ಮಾಡಬೇಡ. ವರ್ನಲ್ ಮೊದಲು ಕಾಣುವುದೇ ಅಲ್ಲಿಂದ. ಮರ್ಸೆಡ್ ನದಿ 97 ಮೀಟರ್ ಮೇಲಿನಿಂದ ಒಂದೇ ಅಗಲವಾದ ಬಿಳಿ ಹಾಸಾಗಿ ಬೀಳುವುದು ಮರಗಳ ನಡುವೆ ಕಾಣುತ್ತದೆ, ಕಾಲಡಿಯಲ್ಲಿ ಅದೇ ನೀರು ಮನೆಯಷ್ಟು ದೊಡ್ಡ ಬಂಡೆಗಳ ನಡುವೆ ಬುಸುಗುಡುತ್ತ ಓಡುತ್ತದೆ. ಎತ್ತರದಲ್ಲಿ ನಮ್ಮ ಜೋಗದ 253 ಮೀಟರಿನ ಮುಂದೆ ಅದು ಅರ್ಧಕ್ಕೂ ಕಡಿಮೆ. ಆದರೆ ಜೋಗವನ್ನು ಎದುರು ದಂಡೆಯಿಂದ ನೋಡುತ್ತೇವೆ, ಇಲ್ಲಿ ಜಲಪಾತದ ಮಗ್ಗುಲಿಗೇ ದಾರಿ ಹೋಗುತ್ತದೆ. ಇನ್ನೂ ಮೇಲೆ ನೆವಾಡಾ ಫಾಲ್ ಅಂತ ಇನ್ನೊಂದಿದೆ, 181 ಮೀಟರ್. ಹಿಂದೆ ಹಿಮನದಿಗಳು ಈ ಗ್ರಾನೈಟ್ ಬೆಟ್ಟವನ್ನು ಕೊರೆಯುತ್ತ ಸಾಗಿದಾಗ ಬಿರುಕು ಹೆಚ್ಚಿದ್ದ ಕಡೆ ಕಲ್ಲು ಕಿತ್ತುಹೋಯಿತು, ಗಟ್ಟಿ ಇದ್ದ ಕಡೆ ಉಳಿಯಿತು. ಹಾಗೆ ಉಳಿದ ಎರಡು ಭಾರೀ ಮೆಟ್ಟಿಲುಗಳ ಅಂಚಿನಿಂದ ನದಿ ಧುಮುಕುತ್ತದೆ. ಮೊಮ್ಮಗಳಿಗೆ ಇದನ್ನು ಸೇತುವೆಯ ಮೇಲೆ ನಿಲ್ಲಿಸಿಯೇ ಹೇಳು, ಕಣ್ಣೆದುರು ಇರುವಾಗ ಮಕ್ಕಳಿಗೆ ಬೇಗ ತಿಳಿಯುತ್ತದೆ.

• ಸೇತುವೆಯಲ್ಲಿ ಕಾಲು ಗಂಟೆ ಕೂತು, ಮೇಲಿನಿಂದ ಇಳಿದು ಬರುವವರನ್ನು ಗಮನಿಸು. ಅವರ ಕೂದಲು, ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ಮೇಲಿನ ಮೆಟ್ಟಿಲು ಹೇಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಕೂತು ಎದ್ದಾಗ ತೊಡೆ ನಡುಗಿದರೆ, ಉಸಿರು ಇನ್ನೂ ಹತೋಟಿಗೆ ಬಂದಿಲ್ಲದಿದ್ದರೆ, ಹೊತ್ತು ಹನ್ನೊಂದು ಮೀರಿದ್ದರೆ ನಿನ್ನ ನಡಿಗೆ ಅಲ್ಲಿಗೆ ಮುಗಿಯಿತು. ಜಲಪಾತ ನೋಡಿದಂತೆಯೇ ಲೆಕ್ಕ. ಮಗ, ಸೊಸೆ ಹೋಗಿ ಬರಲಿ, ನೀನು ಮೊಮ್ಮಗಳ ಜೊತೆ ನೆರಳಲ್ಲಿ ಕೂತು ಚಿಕ್ಕಿ ತಿನ್ನು.

• ಮುಂದೆ ಹೋಗುವುದಾದರೆ, ಸೇತುವೆ ದಾಟಿ ಸ್ವಲ್ಪ ದೂರದಲ್ಲಿ ದಾರಿ ಕವಲಾಗುತ್ತದೆ. ಎಡಕ್ಕೆ, ನದಿಯ ಪಕ್ಕದ್ದು ಮಿಸ್ಟ್ ಟ್ರೇಲ್, ಅಂದರೆ ಆ ಮೆಟ್ಟಿಲು ದಾರಿ. ಬಲಕ್ಕೆ ಬೆಟ್ಟ ಸುತ್ತಿಕೊಂಡು ಹೋಗುವುದು ಜಾನ್ ಮ್ಯೂರ್ ಟ್ರೇಲ್, ಉದ್ದ ಹೆಚ್ಚು, ಮೆಟ್ಟಿಲು ಕಡಿಮೆ. ಈ ಕವಲು ನೆನಪಿಟ್ಟುಕೋ, ಇಳಿಯುವ ಮಾತು ಬಂದಾಗ ಬೇಕಾಗುತ್ತದೆ.

• ಮೆಟ್ಟಿಲುಗಳು ಶುರುವಾದ ಮೇಲೆ ತುಂತುರು ಮೊದಲು ಮುಖಕ್ಕೆ, ಆಮೇಲೆ ಮೈಗೆ ಬರುತ್ತದೆ. ಜೂನ್ ಮೊದಲ ವಾರವೆಂದರೆ ತುಂತುರಲ್ಲ, ಮಳೆಯೇ. ಕನ್ನಡಕದ ಮೇಲೆ ಹನಿ ಕೂತು ಮುಂದಿನ ಮೆಟ್ಟಿಲು ಮಸುಕಾಗುತ್ತದೆ. ಒರೆಸಬೇಕಾದರೆ ನಿಂತು ಒರೆಸು, ನಡೆಯುತ್ತ ಬೇಡ. ಮೆಟ್ಟಿಲುಗಳ ನಡುಭಾಗ ಸಾವಿರಾರು ಜನ ತುಳಿದು ಒರಳುಕಲ್ಲಿನ ಒಳಮೈಯಂತೆ ನುಣುಪಾಗಿದೆ. ಪಾದವನ್ನು ಪೂರ್ತಿ ಊರಿ, ಬೆಟ್ಟದ ಕಡೆಯ ಒರಟು ಭಾಗದಲ್ಲಿ ಇಡು. ಬಹಳ ಕಡೆ ಕಂಬಿಯಿಲ್ಲ, ಇರುವ ಕಡೆ ಬಿಡಬೇಡ. ಫೋನ್ ಜಿಪ್ಪಿರುವ ಜೇಬಿಗೆ ಹಾಕಿಬಿಡು. ಬಿಸಿಲು ಬೆನ್ನಿಗಿದ್ದರೆ ಕಣ್ಣೆದುರಿಗೇ ಕಾಮನಬಿಲ್ಲು ಮೂಡುತ್ತದೆ. ಅದನ್ನು ನೋಡಲು ನಿಲ್ಲಲೇಬೇಕು, ಆದರೆ ಎರಡೂ ಕಾಲು ಊರಿ, ಒಂದು ಕೈ ಬಂಡೆಗೆ ಕೊಟ್ಟು ನಿಲ್ಲು. ಫೋಟೋ ತೆಗೆಯುವವರು ಹಿಂದೆ ಹಿಂದೆ ಹೆಜ್ಜೆ ಇಡುವುದನ್ನು ಕಂಡರೆ ದಯವಿಟ್ಟು ಕೂಗಿ ಎಚ್ಚರಿಸು, ಅಪರಿಚಿತರಾದರೂ ಸರಿ.

• ನೆತ್ತಿ ಮುಟ್ಟಿದ ಮೇಲಿನ ಮಾತನ್ನು ಎಲ್ಲಕ್ಕಿಂತ ಮುಖ್ಯ ಎಂದು ತಿಳಿ. ಅಲ್ಲಿಯವರೆಗೆ ಎಲ್ಲರೂ ಎಚ್ಚರದಿಂದಿರುತ್ತಾರೆ, ಆ ಸದ್ದು, ಆ ರಭಸ ನೋಡಿದರೆ ಯಾರಿಗಾದರೂ ಭಯವಾಗುತ್ತದೆ. ಮೇಲೆ ಹೋದರೆ ದೃಶ್ಯವೇ ಬದಲು. ವಿಶಾಲವಾದ ಹಾಸುಬಂಡೆ, ಬೆಚ್ಚನೆ ಬಿಸಿಲು, ಸ್ವಲ್ಪ ಹಿಂದೆ ಎಮರಾಲ್ಡ್ ಪೂಲ್ ಎಂಬ ಹಸಿರು ಮಡು. ಹತ್ತಿ ದಣಿದವರಿಗೆ ಕಾಲು ಇಳಿಬಿಟ್ಟು ಕೂರೋಣ, ಮುಖ ತೊಳೆಯೋಣ ಎನ್ನಿಸುತ್ತದೆ. ಜನ ಸಾಯುವುದು ಈ ಸುಮ್ಮನಿರುವ ನೀರಿನಲ್ಲಿ. ಮೇಲೆ ಅಲುಗದಂತೆ ಕಂಡರೂ ಒಳಗೆ ಸೆಳೆತ ಇದೆ, ನೀರು ಹಿಮದಷ್ಟು ತಣ್ಣಗಿದ್ದು ಕೈಕಾಲು ಮರಗಟ್ಟಿಸುತ್ತದೆ, ಅಂಚಿನ ಬಂಡೆ ಒಣಗಿದಂತೆ ಕಂಡರೂ ಜಾರುತ್ತದೆ, ಮುಂದೆ 97 ಮೀಟರ್ ಪ್ರಪಾತ. 2011ರ ಜುಲೈಯಲ್ಲಿ ಕಂಬಿ ದಾಟಿ ನೀರಿಗಿಳಿದ ಮೂವರು ಯುವಜನ, ಜೊತೆಯವರು, ಸುತ್ತಲಿದ್ದವರು ನೋಡನೋಡುತ್ತಿದ್ದಂತೆ ಕೊಚ್ಚಿಹೋದರು. ಒಬ್ಬರು ಜಾರಿದಾಗ ಹಿಡಿಯಲು ಹೋದವರೂ ಉಳಿಯಲಿಲ್ಲ. ಎಮರಾಲ್ಡ್ ಪೂಲಿನಲ್ಲೂ ಅದರ ಮೇಲಿನ ಸಿಲ್ವರ್ ಏಪ್ರನ್ ಎಂಬ ಜಾರುಬಂಡೆಯಲ್ಲೂ ನೀರಿಗಿಳಿಯುವುದಕ್ಕೆ ನಿಷೇಧ ಇದೆ. ಯಾರೋ ನಾಲ್ಕು ಜನ ಇಳಿದಿದ್ದಾರೆ ಎಂದು ನಿಮ್ಮವರು ಇಳಿಯಬಾರದು. ಕಂಬಿಯ ಈಚೆಗೇ ಇರಿ, ನೀರಿನಿಂದ ದೂರದ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿ.

• ಟೋಪಿ, ಬಾಟಲಿ, ಫೋನ್, ಏನೇ ನೀರಿಗೆ ಬಿದ್ದರೂ ಅದು ಹೋಯಿತು ಎಂದುಕೊಳ್ಳಿ. ಅದರ ಹಿಂದೆ ಒಂದು ಹೆಜ್ಜೆಯೂ ಬೇಡ. ಈ ಮಾತನ್ನು ಮೊಮ್ಮಗಳ ಬಾಯಿಂದ ಮೂರು ಸಲ ಹೇಳಿಸಿ. ಮಗುವಿನ ಕೈ ಒಬ್ಬರ ಕೈಯಲ್ಲೇ ಇರಬೇಕು, 'ನೀನು ನೋಡುತ್ತಿದ್ದೀಯ ಎಂದುಕೊಂಡೆ' ಎನ್ನುವ ಮಾತು ಅಲ್ಲಿ ಬರಬಾರದು. ಯಾರ ಪಾಳಿ ಎಷ್ಟು ಹೊತ್ತು ಎಂದು ಹೆಸರು ಹಿಡಿದು ಹೇಳಿಬಿಡಿ.

• ಗಂಗೆಯನ್ನು ಕಂಡರೆ ಕೈ ಮುಗಿಯುವ ಜನ ನಾವು, ಮುಗಿಯೋಣ. ಆದರೆ ಕುಂಕುಮ, ಹೂವು, ಕಾಸು ನೀರಿಗೆ ಹಾಕಬೇಡ. ನೆನಪಿಗೆಂದು ಒಂದು ಬೆಣಚುಕಲ್ಲು, ಒಂದು ಪೈನ್ ಕಾಯಿ ಕೂಡ ತರುವಂತಿಲ್ಲ. ಬಾಳೆಹಣ್ಣಿನ ಸಿಪ್ಪೆಯೂ ನಿನ್ನ ಚೀಲದಲ್ಲೇ ವಾಪಸು ಬರಬೇಕು. 1864ರಲ್ಲಿ ಅಧ್ಯಕ್ಷ ಲಿಂಕನ್ ಸಹಿ ಹಾಕಿ ಕಾಪಾಡಲು ಶುರುಮಾಡಿದ ಕಣಿವೆ ಅದು, 1890ರಲ್ಲಿ ಅದರ ಸುತ್ತಲಿನ ನೆಲ ರಾಷ್ಟ್ರೀಯ ಉದ್ಯಾನವಾಯಿತು. ಅದಕ್ಕೂ ಮುಂಚೆ ತಲೆಮಾರುಗಳಿಂದ ಅಲ್ಲಿ ಬದುಕಿದ್ದವರು ಅವಾನೀಚಿ ಜನ, 1851ರಲ್ಲಿ ಸಶಸ್ತ್ರ ಪಡೆ ನುಗ್ಗಿ ಅವರನ್ನು ಹೊರದಬ್ಬಿತು. ಕಣಿವೆಯ ಮ್ಯೂಸಿಯಂ ತೆರೆದಿದ್ದರೆ ಅವರು ಹೆಣೆದ ಬುಟ್ಟಿಗಳನ್ನು ನೋಡದೆ ಬರಬೇಡ. ಆ ಹೆಣಿಗೆ ನಿನಗೆ ಬಹಳ ಹಿಡಿಸುತ್ತದೆ.

• ಇಳಿಯುವುದು. ಜೋಗದಲ್ಲಿ ಮೊದಲು ಇಳಿದು ಆಮೇಲೆ ಹತ್ತುತ್ತೇವೆ, ಏದುಸಿರು ಕೊನೆಗೆ ಬರುತ್ತದೆ. ಇಲ್ಲಿ ತಿರುಗುಮುರುಗು: ದಣಿದ ಕಾಲಿನಲ್ಲಿ, ಒದ್ದೆ ಕಲ್ಲಿನ ಮೇಲೆ ಇಳಿಯಬೇಕು, ಮೇಲಕ್ಕೆ ಬರುವವರ ಸಾಲು ಬೇರೆ. ನೆತ್ತಿಯಿಂದ ಕ್ಲಾರ್ಕ್ ಪಾಯಿಂಟ್ ಎಂಬಲ್ಲಿಗೆ ಒಂದಷ್ಟು ಏರಿ, ಅಲ್ಲಿಂದ ಜಾನ್ ಮ್ಯೂರ್ ಟ್ರೇಲಿನಲ್ಲಿ ಸುತ್ತುತ್ತ ಇಳಿದರೆ ದಾರಿ ಉದ್ದವಾದರೂ ಒಣ ನೆಲ, ಮಂಡಿಗೆ ಹಗುರ. ನನ್ನ ಕೇಳಿದರೆ ಅದೇ ಸರಿ. ಆ ಮೊದಲ ಏರಿಗೆ ಶಕ್ತಿ ಉಳಿದಿದೆಯಾ ಎಂದು ನೋಡಿಕೊಳ್ಳಿ. ಮೆಟ್ಟಿಲಲ್ಲೇ ಇಳಿಯಬೇಕಾಗಿ ಬಂದರೆ ಕೋಲನ್ನು ಕೆಳಗಿನ ಮೆಟ್ಟಿಲಿಗೆ ಮೊದಲು ಊರಿ, ತೀರ ಎತ್ತರದ ಕಡೆ ಕೂತು ಜರುಗಿ. ಮರ್ಯಾದೆ ಗಿರ್ಯಾದೆ ಎಂದು ನೋಡಬೇಡಿ.

• ದಾರಿಯಲ್ಲಿ ಫೋನಿನ ಸಿಗ್ನಲ್ ನೆಚ್ಚಬೇಡಿ. ಗುಂಪು ಬೇರೆಯಾದರೆ ಸೇತುವೆಯಲ್ಲಿ ಸೇರುವುದು, ಅಲ್ಲೂ ಸಿಗದಿದ್ದರೆ ಹ್ಯಾಪಿ ಐಲ್ಸ್ ಬಸ್ ನಿಲ್ದಾಣ ಎಂದು ಮುಂಚೆಯೇ ಗೊತ್ತುಮಾಡಿ. ಮಗನ ನಂಬರು, ನಿನ್ನ ಮಾತ್ರೆಗಳ ಹೆಸರು ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದು ಜೇಬಿನಲ್ಲಿಟ್ಟುಕೋ. ತುರ್ತಿಗೆ 911. ಸಿಗ್ನಲ್ ಸಿಗದಿದ್ದರೆ ಕೆಳಗೆ ಇಳಿಯುತ್ತಿರುವವರ ಕೈಯಲ್ಲಿ ರೇಂಜರಿಗೆ ಹೇಳಿಕಳಿಸು. ಆ ದಾರಿಯಲ್ಲಿ ಜನರಿಗೆ ಬರವಿಲ್ಲ, ಎಲ್ಲರೂ ಸಹಾಯ ಮಾಡುತ್ತಾರೆ.

• ಪ್ರಯಾಣದ ವಿಮೆ ಮಾಡಿಸಿಕೊಳ್ಳದೆ ವಿಮಾನ ಹತ್ತಬೇಡಿ. ಕಾಲು ಉಳುಕಿದರೂ ಅಲ್ಲಿನ ಆಸ್ಪತ್ರೆ ಬಿಲ್ಲು ನೋಡಿ ತಲೆ ತಿರುಗುತ್ತದೆ. ಮೊದಲೇ ಇರುವ ಬಿಪಿ, ಶುಗರ್‌ನಿಂದಾದ ತೊಂದರೆಗೆ ಎಷ್ಟು ಕೊಡುತ್ತಾರೆ, ಬೆಟ್ಟದ ನಡಿಗೆಯಲ್ಲಿ ಆದ ಗಾಯಕ್ಕೆ ಕೊಡುತ್ತಾರೋ ಇಲ್ಲವೋ, ಪಾಲಿಸಿಯ ಸಣ್ಣ ಅಕ್ಷರದ ಪುಟಗಳನ್ನು ಮಗನ ಕೈಯಲ್ಲಿ ಓದಿಸಿ.

• ಹತ್ತಲು ಆಗಲೇ ಇಲ್ಲ ಎನ್ನು, ಆಗಲೂ ಕಣಿವೆ ನಿನ್ನನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಲೋವರ್ ಯೊಸೆಮಿಟಿ ಫಾಲ್ ಬುಡಕ್ಕೆ 1.6 ಕಿಲೋಮೀಟರಿನ ಸುತ್ತುದಾರಿ, ಹೆಚ್ಚೂಕಡಿಮೆ ಸಮತಟ್ಟು, ಒಂದು ಬದಿಯಲ್ಲಿ ಗಾಲಿಕುರ್ಚಿಯೂ ಹೋಗುತ್ತದೆ. ಮೇಲಿನ ಭಾಗವೂ ಸೇರಿ 739 ಮೀಟರ್ ಎತ್ತರದ ಜಲಪಾತವನ್ನು ಅಲ್ಲಿ ತಲೆ ಎತ್ತಿ ನೋಡಬಹುದು. ಬ್ರೈಡಲ್‌ವೇಲ್ ಎಂಬ 188 ಮೀಟರಿನ ಇನ್ನೊಂದಕ್ಕೆ ಹೋಗಿ ಬರಲು ಒಂದು ಕಿಲೋಮೀಟರೂ ಇಲ್ಲ. ಜೂನಿನಲ್ಲಿ ಎರಡೂ ತುಂಬಿರುತ್ತವೆ. ಮೊದಲ ದಿನ ಇವೆರಡನ್ನು ನೋಡಿ, ವರ್ನಲ್ ಎರಡನೇ ದಿನಕ್ಕೆ ಇಟ್ಟುಕೊಂಡರೆ ಕಾಲೂ ಪಳಗುತ್ತದೆ.

• ಹತ್ತಿದ ಮಾರನೆಯ ದಿನ ಏನೂ ಇಟ್ಟುಕೊಳ್ಳಬೇಡಿ. ಸೊಸೆ ಔಟ್‌ಲೆಟ್ ಮಾಲ್ ಅಂದರೂ ಬೇಡ. ಬಿಸಿನೀರಿನ ಸ್ನಾನ, ಸಾರು ಅನ್ನ, ಕಾಲು ಚಾಚಿ ಮಲಗುವುದು. ಮಂಡಿಗೆ ಹಾಕುವ ಪಟ್ಟಿ ನನ್ನ ಹತ್ತಿರ ಎರಡು ಜೊತೆ ಇವೆ, ಮುಂದಿನ ವಾರ ಶಿವಮೊಗ್ಗದಿಂದ ಬರುವಾಗ ತರುತ್ತೇನೆ. ಹಾಕಿಕೊಂಡು ಚಾಮುಂಡಿ ಹತ್ತಿ ನೋಡು, ಬಿಗಿಯಾದರೆ ಬದಲಾಯಿಸೋಣ.